ಬೀರುವಿನ ಪುಸ್ತಕ ಎಲ್ಲರ ಕೈಗೆ

ನಾನು ಇಲ್ಲಿ ಓದುವಾಗ ಲೈಬ್ರರಿ ಎಂದರೆ ಒಂದು ಕಬ್ಬಿಣದ ಬೀರು. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ಒಂದು ಕಥೆಪುಸ್ತಕ ಕೊಟ್ಟರು. ದಾರಿಯಲ್ಲಿ ಮಳೆ ಬಂದು ಅದು ಪೂರ್ತಿ ನೆನೆದುಹೋಯಿತು. ಇದ್ದದ್ದು ಒಂದೇ ಪ್ರತಿ. ಮೇಷ್ಟ್ರು ಬೈಯಲಿಲ್ಲ, ಆದರೆ ಹತ್ತನೇ ಕ್ಲಾಸು ಮುಗಿಯುವವರೆಗೂ ಇನ್ನೊಂದು ಪುಸ್ತಕ ಕೇಳಲು ನನಗೆ ಧೈರ್ಯ ಬರಲಿಲ್ಲ.

ಈಗ ಪುಸ್ತಕ ಬೀರುವಿನಲ್ಲೇ ಇದ್ದು ನೂರು ಮನೆಗೆ ಹೋಗಬಹುದು. 2006ರಲ್ಲಿ ಕೋವಿದ್ ಗೋಯಲ್ ಎಂಬ ಭಾರತೀಯರು ಶುರುಮಾಡಿದ 'ಕ್ಯಾಲಿಬರ್' ಎಂಬ ತಂತ್ರಾಂಶವಿದೆ. ದುಡ್ಡು ಕೊಡಬೇಕಿಲ್ಲ. ಕಂಪ್ಯೂಟರಿಗೆ ಅದನ್ನು ಹಾಕಿ, ಇ-ಪುಸ್ತಕಗಳನ್ನು ಸೇರಿಸಿ, ಅದರ 'ಕಂಟೆಂಟ್ ಸರ್ವರ್' ಚಾಲೂ ಮಾಡಬೇಕು. ಅದೇ ವೈಫೈಗೆ ಸೇರಿದ ಮೊಬೈಲಿನ ಬ್ರೌಸರಿನಲ್ಲಿ ಆ ಕಂಪ್ಯೂಟರಿನ ವಿಳಾಸ ಹಾಕಿ, ಕೊನೆಗೆ 8080 ಎಂದು ಸೇರಿಸಿದರೆ ಪುಸ್ತಕಗಳ ಪಟ್ಟಿ ಬರುತ್ತದೆ. ವೈರು ಬೇಡ. ಇಂಟರ್ನೆಟ್ಟೂ ಬೇಡ, ಕೋಣೆಯಲ್ಲೊಂದು ರೂಟರ್ ಸಾಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸಿಗ್ನಲ್ ಸಿಗದ ಹಳ್ಳಿಗಳಲ್ಲೂ ಇದು ನಡೆಯುತ್ತದೆ. ಒಬ್ಬೊಬ್ಬರಿಗೂ ಬಳಕೆದಾರರ ಹೆಸರು ಮಾಡಿಕೊಟ್ಟರೆ, ಕಂಪ್ಯೂಟರಿನ ಬ್ರೌಸರಿನಲ್ಲಿ ನಿಲ್ಲಿಸಿದ ಪುಟದಿಂದಲೇ ಮೊಬೈಲಿನಲ್ಲಿ ಮುಂದುವರಿಸಬಹುದು.

ಎರಡು ಎಚ್ಚರ. ಸ್ಕ್ಯಾನ್ ಮಾಡಿದ ಪಿಡಿಎಫ್ ಎಂದರೆ ಪುಟದ ಫೋಟೋ. ಸಣ್ಣ ಪರದೆಯಲ್ಲಿ ಅದನ್ನು ಎಳೆದೆಳೆದು ಓದಬೇಕು. ಯೂನಿಕೋಡ್ ಕನ್ನಡದ ಇಪಬ್ ಆದರೆ ಅಕ್ಷರ ದೊಡ್ಡದು ಮಾಡಿದಂತೆ ಸಾಲುಗಳೂ ಹೊಂದಿಕೊಳ್ಳುತ್ತವೆ. ಇನ್ನೊಂದು, ಕಂಡ ಪುಸ್ತಕವನ್ನೆಲ್ಲ ಹಂಚುವಂತಿಲ್ಲ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1946ರಲ್ಲಿ ತೀರಿಕೊಂಡ ಕೈಲಾಸಂ, ಇಂಥವರ ಬರಹಗಳಿಂದ ಶುರುಮಾಡೋಣ. ಇಂದಿನ ಲೇಖಕರ ಪುಸ್ತಕ ಕೊಂಡೇ ಓದೋಣ.

ಮಕ್ಕಳು ಶಾಲೆಗೆ ಮೊಬೈಲ್ ತರುವುದು ಬೇಡ, ಒಪ್ಪುತ್ತೇನೆ. ಶನಿವಾರ ಸ್ಕೂಲು ಬಿಟ್ಟ ಮೇಲೆ ಅಪ್ಪ-ಅಮ್ಮನೊಂದಿಗೆ ಬಂದು ಅವರ ಫೋನಿಗೆ ವಾರಕ್ಕಾಗುವಷ್ಟು ಪುಸ್ತಕ ಇಳಿಸಿಕೊಂಡು ಹೋಗಲಿ. ಮನೆಯಲ್ಲಿ ಫೋನ್ ಇಲ್ಲದ ಮಕ್ಕಳಿಗಾಗಿ ಆ ಹಳೆಯ ಬೀರು ಹಾಗೇ ಇರಲಿ, ಅದಕ್ಕೆ ಬೀಗ ಮಾತ್ರ ಬೇಡ.

ಒಂದು ಕಂಪ್ಯೂಟರ್, ಒಂದು ರೂಟರ್ ನಾನು ಕೊಡುತ್ತೇನೆ, ಬಂದು ಜೋಡಿಸಿಯೂ ಕೊಡುತ್ತೇನೆ. ನೋಡಿಕೊಳ್ಳಲು ಒಬ್ಬ ಮೇಷ್ಟ್ರು, ಇಬ್ಬರು ಮಕ್ಕಳು ಮುಂದೆ ಬಂದರೆ ಸಾಕು. ಅಂದು ನೆನೆಸಿದ ಪುಸ್ತಕದ ಸಾಲ ಹೀಗಾದರೂ ಸ್ವಲ್ಪ ತೀರಲಿ.