ಬಟ್ಟಲು ತುಂಬಿತ್ತು, ಕಾಳಿರಲಿಲ್ಲ

(ಮಹಿಳಾ ವಿಭಾಗದ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಕಾರ್ಯದರ್ಶಿಯವರು ಫೋನ್ ಮಾಡಿ, "ನೀವು ಎಂ.ಟೆಕ್. ಓದಿದವರು, ಐಟಿಯಲ್ಲಿದ್ದೀರಿ, ಆನ್‌ಲೈನ್ ಮೋಸದ ಬಗ್ಗೆ ಮಾತಾಡ್ತೀರಾ?" ಅಂತ ಕೇಳಿದ್ದರು. "ಅದು ಇನ್ನೊಮ್ಮೆ ಆಗಲಿ, ಈ ಸಲ ನಮ್ಮ ಮನೆಯ ಹಕ್ಕಿಗಳ ಬಗ್ಗೆ ಮಾತಾಡಬಹುದಾ?" ಅಂದೆ. ನಗುತ್ತಲೇ ಒಪ್ಪಿದರು. ಹಾಗೆ ಕೇಳಲು ಕಾರಣ ಇದೆ. ಲಾಕ್‌ಡೌನ್ ನಂತರ ನಮ್ಮ ಬಿಲ್ಡಿಂಗ್ ಒಂದರಲ್ಲೇ ಏಳೆಂಟು ಮನೆಗಳ ಗ್ಯಾಲರಿಗೆ ಪಂಜರ ಬಂದಿದೆ. ಇಲ್ಲಿರುವ ನಿಮ್ಮಲ್ಲೂ ಕೆಲವರ ಮನೆಯಲ್ಲಿ ಇರಬಹುದು. ನಾವು ಮಾಡಿದ ತಪ್ಪನ್ನು ನೀವು ಮಾಡಬಾರದು ಎಂಬುದಷ್ಟೇ ನನ್ನ ಆಸೆ.

ಮಗಳ ಆರನೇ ಹುಟ್ಟುಹಬ್ಬಕ್ಕೆ ಒಂದು ಜೋಡಿ ತಂದಿದ್ದೆವು. ಹಳದಿಯದಕ್ಕೆ ಮುತ್ತು, ನೀಲಿಯದಕ್ಕೆ ನೀಲು ಅಂತ ಹೆಸರಿಟ್ಟಳು. ಅಂಗಡಿಯವರು ಪಂಜರ ಕೊಟ್ಟರು, ಒಂದು ಕಿಲೋ ಕಾಂಗ್ನಿ ಕೊಟ್ಟರು, "ಇಷ್ಟೇ, ಬೇರೇನೂ ಬೇಡ" ಅಂದರು. ನಾವೂ ನಂಬಿದೆವು.

ಎರಡು ವರ್ಷದ ಬಳಿಕ ಮದುವೆಗೆಂದು ಉಡುಪಿಗೆ ಹೋಗಬೇಕಾಯಿತು. ಐದು ದಿನ. ಪಕ್ಕದ ಮನೆಯ ಕಾಕುವಿನ ಕೈಗೆ ಬೀಗದ ಕೈ ಕೊಟ್ಟು, "ದಿನಾ ನೀರು ಬದಲಿಸಿ, ಬಟ್ಟಲು ಖಾಲಿಯಾದರೆ ಕಾಳು ಹಾಕಿ" ಅಂತ ಹೇಳಿ ಹೋದೆ. ಕಾಕು ಮಾತಿಗೆ ತಪ್ಪುವವರಲ್ಲ. ದಿನವೂ ಬಂದು ನೀರು ಬದಲಿಸಿದರು, ಬಟ್ಟಲು ನೋಡಿದರು. ಬಟ್ಟಲು ತುಂಬಿಯೇ ಇತ್ತು. ಮತ್ಸ್ಯಗಂಧದಲ್ಲಿ ಬೆಳಿಗ್ಗೆ ಬಂದಿಳಿದು, ಮನೆ ಬಾಗಿಲು ತೆರೆದರೆ ಸದ್ದೇ ಇಲ್ಲ. ಮುತ್ತು ಪಂಜರದ ತಳದಲ್ಲಿ ಬಿದ್ದಿತ್ತು. ನೀಲು ಮೈಯ ಪುಕ್ಕವನ್ನೆಲ್ಲ ಉಬ್ಬಿಸಿಕೊಂಡು ಮೂಲೆಯಲ್ಲಿ ಕೂತಿತ್ತು.

ಕಾಕು ಓಡಿ ಬಂದರು. "ವಾಟಿ ತರ ಭರಲೇಲೀಚ್ ಹೋತಿ!" ಬಟ್ಟಲು ತುಂಬಿಯೇ ಇತ್ತಲ್ಲ ಅಂತ ಅತ್ತುಬಿಟ್ಟರು. ಆಗ ನಮ್ಮ ಅತ್ತೆ ಏನು ಮಾಡಿದರು ಗೊತ್ತೇ? ಬಟ್ಟಲನ್ನು ಕೈಗೆತ್ತಿಕೊಂಡು ಮೆಲ್ಲಗೆ ಊದಿದರು. ಮೇಲಿದ್ದುದೆಲ್ಲ ಹಾರಿ ಹೋಯಿತು. ಬರೀ ಹೊಟ್ಟು. ತಳದಲ್ಲಿ ನಾಲ್ಕು ಕಾಳು.

ಬಡ್ಜಿ ಹಕ್ಕಿ ಕಾಳನ್ನು ಇಡಿಯಾಗಿ ನುಂಗುವುದಿಲ್ಲ. ಕೊಕ್ಕಿನಲ್ಲಿ ಹೊರಳಿಸಿ, ಸಿಪ್ಪೆ ಸುಲಿದು, ತಿರುಳನ್ನು ತಿಂದು ಹೊಟ್ಟನ್ನು ಅಲ್ಲೇ ಬಿಡುತ್ತದೆ. ದೂರದಿಂದ ನೋಡಿದರೆ ಬಟ್ಟಲು ತುಂಬಿದಂತೆಯೇ ಕಾಣುತ್ತದೆ. ಹೊಟ್ಟಿನ ಕೆಳಗೆ ಕಾಳಿದ್ದರೂ ಎಷ್ಟೋ ಹಕ್ಕಿಗಳು ಕೆದಕಿ ತಿನ್ನುವುದಿಲ್ಲ. ಇಷ್ಟು ಪುಟ್ಟ ಹಕ್ಕಿ ಒಂದೆರಡು ದಿನದ ಉಪವಾಸವನ್ನೂ ತಾಳಲಾರದು. ಕಾಕುವಿನ ತಪ್ಪು ಇದರಲ್ಲಿ ಏನೂ ಇಲ್ಲ. ಹೇಳಿ ಹೋಗದ ನನ್ನದು. ಆಫೀಸಿನಲ್ಲಿ ನನ್ನ ಕೆಲಸವೇ ಸರ್ವರ್‌ಗಳ ಮೇಲೆ ಕಣ್ಣಿಡುವುದು. ಪರದೆಯಲ್ಲಿ ಎಲ್ಲ ಹಸಿರು ಕಂಡಿತೆಂದು ನಂಬಬಾರದು, ಏನನ್ನು ಅಳೆಯುತ್ತಿದ್ದೇವೆ ಅಂತ ಮೊದಲು ನೋಡಬೇಕು ಅಂತ ಹೊಸಬರಿಗೆ ಪಾಠ ಹೇಳುವವಳು ನಾನು. ಮನೆಯಲ್ಲಿ ಎರಡು ವರ್ಷ ಬಟ್ಟಲನ್ನು ನೋಡಿದೆ, ಹಕ್ಕಿಯನ್ನು ನೋಡಲಿಲ್ಲ.

ನೀಲುವನ್ನು ಅಂದೇ ಪಕ್ಷಿಗಳನ್ನು ನೋಡುವ ವೈದ್ಯರ ಬಳಿ ಕರೆದೊಯ್ದೆವು. ತೂಕ 26 ಗ್ರಾಂ. ಆರೋಗ್ಯವಾಗಿರುವ ಬಡ್ಜಿ ಸಾಮಾನ್ಯವಾಗಿ 30ರಿಂದ 40 ಗ್ರಾಂ ತೂಗುತ್ತದೆ. ನೀಲು ಉಳಿಯಿತು. ಆದರೆ ವೈದ್ಯರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುವಾಗ ನಾಚಿಕೆಯಾಯಿತು. ಸೊಪ್ಪು ಕೊಡ್ತೀರಾ? ಇಲ್ಲ. ಕ್ಯಾಲ್ಸಿಯಂಗೆ ಏನಿಟ್ಟಿದ್ದೀರಿ? ಏನೂ ಇಲ್ಲ. ಹೊರಗೆ ಹಾರಲು ಬಿಡ್ತೀರಾ? ಇಲ್ಲ. ಅಂದಿನಿಂದ ಓದಿ, ಕೇಳಿ, ಮಾಡಿ ನೋಡಿ ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಈ ಹಕ್ಕಿ ಯಾವುದು ಅಂತ ತಿಳಿಯೋಣ. ನಾವೆಲ್ಲ 'ಲವ್‌ಬರ್ಡ್ಸ್' ಅನ್ನುತ್ತೇವೆ. ನಿಜವಾದ ಲವ್‌ಬರ್ಡ್ ಆಫ್ರಿಕಾದ್ದು, ಬಾಲ ಮೋಟು. ನಮ್ಮ ಮನೆಗಳಲ್ಲಿರುವ ಉದ್ದ ಬಾಲದ್ದು ಬಡ್ಜೆರಿಗಾರ್, ಆಸ್ಟ್ರೇಲಿಯಾದ ಒಣ ಬಯಲಿನ ಗಿಳಿಜಾತಿಯ ಹಕ್ಕಿ. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ತಂದ. ಅಲ್ಲಿಂದ ಲೋಕಕ್ಕೆಲ್ಲ ಹರಡಿದವು. ಕಾಡಿನಲ್ಲಿ ಅವುಗಳ ಬಣ್ಣ ಹಸಿರು-ಹಳದಿ. ನೀಲಿ, ಬಿಳಿ ಎಲ್ಲ ಸಾಕಿದವರ ಕೈಯಲ್ಲಿ ಬಂದ ಬಣ್ಣಗಳು. ಅಲ್ಲಿ ಅವು ದೊಡ್ಡ ಹಿಂಡುಗಳಲ್ಲಿ ಮಳೆ ಬಿದ್ದ ಕಡೆ ಹಾರುತ್ತ, ಹುಲ್ಲಿನ ಬೀಜ ಹುಡುಕಿ ತಿನ್ನುತ್ತವೆ. ಈ ಮೂರು ಮಾತು ನೆನಪಿಡಿ: ಹಿಂಡು, ಹಾರಾಟ, ಹುಡುಕಾಟ. ಒಂಟಿ ಹಕ್ಕಿಗೆ ಚಿಕ್ಕ ಪಂಜರದಲ್ಲಿ ತುಂಬಿದ ಬಟ್ಟಲು ಕೊಟ್ಟರೆ ಈ ಮೂರನ್ನೂ ನಾವು ಕಿತ್ತುಕೊಂಡ ಹಾಗೆ.

ಇನ್ನು ಊಟದ ವಿಚಾರ. ಕಾಂಗ್ನಿ ಅಂದರೆ ಬೇರೇನಲ್ಲ, ನಮ್ಮ ನವಣೆ. ಉತ್ತರ ಕರ್ನಾಟಕದ ಅಕ್ಕಂದಿರಿಗೆ ಹೇಳಬೇಕಾಗಿಲ್ಲ. ನವಣೆ, ಸಾಮೆ, ಬರಗು, ಸಜ್ಜೆ, ರಾಗಿ ಎಲ್ಲವನ್ನೂ ಬಡ್ಜಿ ತಿನ್ನುತ್ತದೆ. ಒಂದೇ ಧಾನ್ಯದ ಬದಲು ಬೆರೆಸಿ ಕೊಡಿ. ಒಂದು ಹಕ್ಕಿಗೆ ದಿನಕ್ಕೆ ಒಂದೂವರೆ ಟೀ ಚಮಚದಷ್ಟು ಸಾಕಾಗುತ್ತದೆ. ನಾವು ತಿನ್ನಲೆಂದು ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ನವಣೆ ಸಿಪ್ಪೆ ತೆಗೆದದ್ದು. ಹಕ್ಕಿಗೆ ಸಿಪ್ಪೆ ಸಹಿತದ್ದೇ ಒಳ್ಳೆಯದು. ಸುಲಿದು ತಿನ್ನುವುದು ಅದಕ್ಕೆ ಒಂದು ಕೆಲಸ. ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ಹೆಚ್ಚು, ಅಪರೂಪಕ್ಕೆ ಒಂದೆರಡು ಸಾಕು. ಮುಂಬೈ ಮಳೆಗಾಲದಲ್ಲಿ ಕಾಳಿಗೆ ತೇವ ಹಿಡಿದು ಬೂಸ್ಟು ಬರುತ್ತದೆ. ಆ ಬೂಸ್ಟು ಹಕ್ಕಿಗೆ ವಿಷ. ಸ್ವಲ್ಪ ಸ್ವಲ್ಪವೇ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಕಾಳೊಂದೇ ಆದರೆ ಸಾಲದು. ಅದರಲ್ಲಿ ಎ ಜೀವಸತ್ವ, ಕ್ಯಾಲ್ಸಿಯಂ, ಅಯೋಡಿನ್ ಕಡಿಮೆ. ಬರೀ ಕಾಳು ತಿಂದ ಬಡ್ಜಿಗಳಲ್ಲಿ ಪಿತ್ತಜನಕಾಂಗಕ್ಕೆ ಕೊಬ್ಬು ಕಟ್ಟುವುದು, ಕೊಬ್ಬಿನ ಗಂಟುಗಳಾಗುವುದು, ಥೈರಾಯ್ಡ್ ಊದಿ ಉಸಿರಾಟದಲ್ಲಿ ಕೀಚಲು ಸದ್ದು ಬರುವುದು ಸಾಮಾನ್ಯ. ಅದಕ್ಕೆ ದಿನವೂ ಸೊಪ್ಪು-ತರಕಾರಿ ಬೇಕು. ಕೊತ್ತಂಬರಿ, ಮೆಂತ್ಯ, ನುಗ್ಗೆ ಸೊಪ್ಪು, ತುರಿದ ಗಜ್ಜರಿ, ಕೆಂಪು ದೊಣ್ಣೆಮೆಣಸು, ಮೊಳಕೆ ಬಂದ ಹೆಸರು, ಮೊಳಕೆ ಬರಿಸಿದ ನವಣೆ. ಪಾಲಕ್ ಅಪರೂಪಕ್ಕೆ ಸಾಕು. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತದಂತೆ ಮಾಡುತ್ತದೆ. ರೈಲು ಹಳಿಯ ಪಕ್ಕ ಸೊಪ್ಪು ಬೆಳೆಯುವುದನ್ನು ಲೋಕಲ್‌ನಲ್ಲಿ ಓಡಾಡುವ ನಾವೆಲ್ಲ ಕಂಡಿದ್ದೇವೆ. ಚೆನ್ನಾಗಿ ನೀರಿನಲ್ಲಿ ನೆನೆಸಿ, ಎರಡು ಮೂರು ಸಲ ತೊಳೆದೇ ಕೊಡಿ. ಎರಡು ಗಂಟೆಯ ನಂತರ ಉಳಿದದ್ದನ್ನು ತೆಗೆದುಬಿಡಿ.

"ನಮ್ಮ ಹಕ್ಕಿ ಸೊಪ್ಪು ಮೂಸಿಯೂ ನೋಡಲ್ಲ" ಅಂತ ನೀವು ಹೇಳಬಹುದು. ನೀಲು ಸುಮಾರು ಮೂರು ವಾರ ಮುಟ್ಟಲಿಲ್ಲ. ಕೊತ್ತಂಬರಿಯ ಒದ್ದೆ ಕಟ್ಟನ್ನು ಬಟ್ಟೆ ಕ್ಲಿಪ್ಪಿನಲ್ಲಿ ಪಂಜರದ ಮೇಲ್ಭಾಗಕ್ಕೆ ಸಿಕ್ಕಿಸಿದೆ. ಮೊದಲು ಅದರಲ್ಲಿ ಮೈ ಉಜ್ಜಿ ಸ್ನಾನ ಮಾಡಿತು, ಆಮೇಲೆ ಕಚ್ಚಿತು, ಆಮೇಲೆ ತಿಂದಿತು. ಅದರ ಎದುರು ನಾವು ತಿಂದು ತೋರಿಸುವುದೂ ಕೆಲಸ ಮಾಡುತ್ತದೆ. ಒಂದು ಎಚ್ಚರಿಕೆ: ಹೊಸ ಆಹಾರ ತಿನ್ನಲಿ ಅಂತ ಕಾಳನ್ನು ನಿಲ್ಲಿಸಿ ಹಸಿವಿಗೆ ಕೆಡವಬೇಡಿ. ಪೆಲೆಟ್‌ಗೆ ಬದಲಾಯಿಸುವಾಗಲೂ ಅಷ್ಟೆ, ನಿಧಾನವಾಗಿ.

ಕ್ಯಾಲ್ಸಿಯಂಗೆ ಕಟ್ಲ್‌ಫಿಶ್ ಮೂಳೆ ಸಿಗುತ್ತದೆ. ನಮ್ಮ ಹಳೆಯ ಮದ್ದಿನ ಅಂಗಡಿಗಳಲ್ಲಿ ಸಮುದ್ರ ನೊರೆ ಅನ್ನುತ್ತಾರಲ್ಲ, ಅದೇ. ಮೆತ್ತನೆಯ ಬದಿ ಒಳಗೆ ಬರುವಂತೆ ಕಟ್ಟಿ. ಕೊಕ್ಕು ತಿಕ್ಕಲೂ ಆಯಿತು.

ಕೊಡಲೇಬಾರದ್ದು: ಬೆಣ್ಣೆಹಣ್ಣು, ಅಂದರೆ ಅವಕಾಡೊ. ಚಾಕೊಲೇಟ್, ಚಹಾ, ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಸೇಬಿನ ಬೀಜ. ಉಪ್ಪು, ಎಣ್ಣೆಯ ತಿಂಡಿ ಯಾವುದೂ ಬೇಡ. ನಮ್ಮ ಅತ್ತೆ ಪ್ರೀತಿಯಿಂದ ಚಕ್ಕುಲಿ ಚೂರು ಕೊಡುತ್ತಿದ್ದರು, ಮೊಸರನ್ನವನ್ನೂ ಒಮ್ಮೆ ಇಟ್ಟಿದ್ದರು. ಹಾಲಿನ ಸಕ್ಕರೆ ಹಕ್ಕಿಗೆ ಜೀರ್ಣವಾಗುವುದಿಲ್ಲ ಅಂತ ವೈದ್ಯರು ಹೇಳಿದ ಮೇಲೆ ನಿಲ್ಲಿಸಿದರು.

ಈಗ ದೋಸೆ ಹೊಯ್ಯುವ ನಮಗೆಲ್ಲ ಬಹಳ ಮುಖ್ಯವಾದ ಮಾತು. ನಾನ್‌ಸ್ಟಿಕ್ ತವಾ ಖಾಲಿಯಾಗಿ ಉರಿಯ ಮೇಲೆ ಕಾದು ಹೋದರೆ ಅದರ ಲೇಪದಿಂದ ಬರುವ ಹೊಗೆ ನಮ್ಮ ಮೂಗಿಗೆ ಗೊತ್ತಾಗದಿದ್ದರೂ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಮುಂಬೈಯ ಮನೆಗಳಲ್ಲಿ ಒಲೆಗೂ ಪಂಜರಕ್ಕೂ ಹತ್ತು ಹೆಜ್ಜೆ ದೂರ ಇರುವುದೂ ಕಷ್ಟ. ನಮ್ಮ ಮನೆಯಲ್ಲಿ ಅತ್ತೆಯ ಹಳೆಯ ಕಬ್ಬಿಣದ ಕಾವಲಿ ಅಟ್ಟದಿಂದ ಮತ್ತೆ ಕೆಳಗಿಳಿಯಿತು. ಸೊಳ್ಳೆ ಬತ್ತಿ, ಅಗರಬತ್ತಿ, ಧೂಪದ ಹೊಗೆ, ದೀಪಾವಳಿಯ ಪಟಾಕಿ ಹೊಗೆಯಿಂದಲೂ ಪಂಜರವನ್ನು ದೂರವಿಡಿ.

ಆಟದ ಮಾತಿಗೆ ಬರುತ್ತೇನೆ. ದುಡ್ಡು ಖರ್ಚು ಮಾಡಬೇಕಾಗಿಲ್ಲ. ಬಿಳಿ ಕಾಗದದಲ್ಲಿ ನಾಲ್ಕು ಕಾಳು ಸುತ್ತಿ ಪೊಟ್ಟಣ ಕಟ್ಟಿ, ಬಿಚ್ಚಿ ತಿನ್ನಲಿ. ರಟ್ಟಿನ ತುಂಡಿಗೆ ತೂತು ಮಾಡಿ ಒಳಗೆ ಸೊಪ್ಪು ಸಿಕ್ಕಿಸಿ. ಒಂದು ಅಗಲ ತಟ್ಟೆಯಲ್ಲಿ ಸೊಪ್ಪಿನ ನಡುವೆ ಕಾಳು ಚೆಲ್ಲಿ, ಹುಡುಕಲಿ. ನುಣುಪಾದ ಪ್ಲಾಸ್ಟಿಕ್ ಕೋಲಿನ ಮೇಲೆಯೇ ಸದಾ ಕೂತರೆ ಅಂಗಾಲು ಹುಣ್ಣಾಗುತ್ತದೆ. ಪೇರಲೆ, ಬೇವಿನ ದಪ್ಪ-ಸಣ್ಣ ಕೊಂಬೆಗಳನ್ನು ತೊಳೆದು ಒಣಗಿಸಿ ಹಾಕಿ. ಉಯ್ಯಾಲೆ, ಗಂಟೆ ಇಷ್ಟ. ಕನ್ನಡಿ ಮಾತ್ರ ಯೋಚಿಸಿ ಇಡಿ. ಕೆಲವು ಹಕ್ಕಿಗಳು ಕನ್ನಡಿಯೊಳಗಿನ ಹಕ್ಕಿಗೇ ತಿಂದದ್ದನ್ನು ಕಕ್ಕಿ ಉಣಿಸುತ್ತ ಕೂರುತ್ತವೆ.

ಪಂಜರ ಎತ್ತರಕ್ಕಿಂತ ಅಗಲ ಇರಬೇಕು, ಬಡ್ಜಿ ಹಾರುವುದು ಅಡ್ಡಕ್ಕೆ. ಪ್ರಾಣಿಹಿಂಸೆ ತಡೆಯುವ 1960ರ ಕಾಯಿದೆಯೂ ಓಡಾಡಲಾಗದಷ್ಟು ಇಕ್ಕಟ್ಟಿನ ಪಂಜರದಲ್ಲಿಡುವುದನ್ನು ಅಪರಾಧ ಅನ್ನುತ್ತದೆ. ದಿನಕ್ಕೊಮ್ಮೆ ಕೋಣೆಯಲ್ಲಿ ಹಾರಲು ಬಿಡಿ. ಬಿಡುವ ಮುಂಚೆ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ದೊಡ್ಡ ಕನ್ನಡಿಗೆ ಬಟ್ಟೆ ಹಾಕಿ, ನೀರಿನ ಬಕೆಟ್ ಮುಚ್ಚಿ. ನಮ್ಮ ಮನೆಯಲ್ಲಿ ಇದು ಮಗಳ ಜವಾಬ್ದಾರಿ. ಪಟ್ಟಿ ಮಾಡಿ ಬಾಗಿಲಿಗೆ ಅಂಟಿಸಿದ್ದಾಳೆ.

ರಾತ್ರಿ ಹತ್ತು-ಹನ್ನೆರಡು ಗಂಟೆ ಕತ್ತಲು, ನಿಶ್ಶಬ್ದ ಬೇಕು. ಮೇಲೆ ಬಟ್ಟೆ ಹೊದಿಸಿ ಪಕ್ಕದಲ್ಲೇ ಧಾರಾವಾಹಿ ನೋಡಿದರೆ ಅದು ನಿದ್ದೆಯಲ್ಲ! ಹಾಗೆಯೇ, ಇಡೀ ದಿನ ಮನೆ ಖಾಲಿ ಇರುವವರು ಒಂಟಿ ಹಕ್ಕಿ ಸಾಕಬೇಡಿ. ನೀಲುವಿಗೆ ಸ್ವಲ್ಪ ತಿಂಗಳ ಬಳಿಕ, ಹಕ್ಕಿ ಸಾಕಲಾಗದೆ ಬಿಡಲು ಹೊರಟಿದ್ದ ಒಂದು ಮನೆಯಿಂದ ಜೊತೆ ತಂದೆವು. ಹೊಸ ಹಕ್ಕಿಯನ್ನು ನೇರ ಸೇರಿಸಬೇಡಿ, ಒಂದು ತಿಂಗಳಾದರೂ ಬೇರೆ ಕೋಣೆಯಲ್ಲಿಡಿ. ಮಾತು ಕಲಿಸಬೇಕೆನ್ನುವವರಿಗೆ: ಗಂಡು ಬೇಗ ಕಲಿಯುತ್ತದೆ. ಅಮೆರಿಕದ ಪಕ್ ಎಂಬ ಬಡ್ಜಿಗೆ 1,728 ಪದ ಗೊತ್ತಿತ್ತೆಂದು ಗಿನ್ನೆಸ್ ದಾಖಲೆಯಿದೆ. ನಮ್ಮ ನೀಲು ಒಂದೇ ಮಾತು ಕಲಿತಿದೆ. ಅತ್ತೆ ಬೆಳಿಗ್ಗೆ ಮಗಳನ್ನು ಎಬ್ಬಿಸುವ "ಏಳೇ ಪುಟ್ಟಿ!"

ಕಾಯಿಲೆಯನ್ನು ಹಕ್ಕಿ ಬಚ್ಚಿಡುತ್ತದೆ. ಹಿಂಡಿನಲ್ಲಿ ಸೋತಂತೆ ಕಂಡದ್ದನ್ನು ಹದ್ದು ಹಿಡಿಯುತ್ತದೆ, ಅದಕ್ಕೇ ಆ ಅಭ್ಯಾಸ. ಆದ್ದರಿಂದ ನಾನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡುತ್ತೇನೆ. 35 ಗ್ರಾಂ ಹಕ್ಕಿ ಮೂರು-ಮೂರೂವರೆ ಗ್ರಾಂ ಇಳಿದರೆ ಅದು ದೊಡ್ಡ ಇಳಿತವೇ. ಪುಕ್ಕ ಉಬ್ಬಿಸಿ ಹಗಲೆಲ್ಲ ತೂಕಡಿಸಿದರೆ, ಉಸಿರಿನ ಜತೆ ಬಾಲ ಮೇಲೆ ಕೆಳಗೆ ಆಡಿದರೆ, ಹಿಕ್ಕೆಯ ಬಣ್ಣ ಬದಲಾದರೆ ನಾಳೆಗೆ ತಳ್ಳಬೇಡಿ. ಪರೇಲಿನಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ. ಉಪನಗರಗಳಲ್ಲೂ ಪಕ್ಷಿ ನೋಡುವ ವೈದ್ಯರಿದ್ದಾರೆ. ಹಕ್ಕಿ ತರುವ ಮೊದಲೇ ಹತ್ತಿರದ ವೈದ್ಯರು ಯಾರೆಂದು ಕೇಳಿಟ್ಟುಕೊಳ್ಳಿ. ಪಂಜರ ತೊಳೆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಒಣ ಹಿಕ್ಕೆಯ ದೂಳಿನಿಂದ ನಮಗೂ ಸೋಂಕು ಬರಬಹುದು.

ಕೊನೆಯದಾಗಿ ಕಾನೂನಿನ ಒಂದು ಮಾತು. ಊರಿನ ಮನೆಗಳಲ್ಲಿ ಹಿಂದೆ ಹಸಿರು ಗಿಳಿ ಸಾಕುತ್ತಿದ್ದರು. ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಬಡ್ಜಿ ಹೊರನಾಡಿನದು, ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದದ್ದು. ಹಾಗಂತ ಬೇಸರವಾದಾಗ ಕಿಟಕಿ ತೆರೆದು ಬಿಟ್ಟರೆ ಅದು ಪುಣ್ಯವಲ್ಲ. ಮುಂಬೈಯ ಕಾಗೆಗಳ ನಡುವೆ ಅದು ಒಂದು ದಿನವೂ ಬಾಳುವುದು ಕಷ್ಟ. ಸಾಕಲಾಗದಿದ್ದರೆ ಸಾಕುವವರಿಗೆ ಕೊಡಿ. ಚೆನ್ನಾಗಿ ನೋಡಿಕೊಂಡರೆ ಏಳೆಂಟು ವರ್ಷ ಬದುಕುವ ಜೀವ, ಮಗುವಿನ ಹುಟ್ಟುಹಬ್ಬದ ಆಟಿಕೆಯಲ್ಲ.

ನಮ್ಮ ಮನೆಯಲ್ಲಿ ಈಗ ಒಂದು ಪದ್ಧತಿಯಿದೆ. ಬೆಳಿಗ್ಗೆ ಅತ್ತೆ ಬಟ್ಟಲು ತೆಗೆದು ಗ್ಯಾಲರಿಗೆ ಹೋಗಿ ಊದುತ್ತಾರೆ. ಹೊಟ್ಟು ಹಾರುತ್ತದೆ, ಕಾಳೆಷ್ಟು ಉಳಿದಿದೆ ನೋಡಿ ಹೊಸದು ಹಾಕುತ್ತಾರೆ. ಊರಿನಲ್ಲಿ ಮೊರ ಹಿಡಿದು ಕೇರಿದ ಕೈ ಅವರದು, ನನ್ನ ಎಂ.ಟೆಕ್.ಗೆ ಹೊಳೆಯದ್ದು ಅವರಿಗೆ ಒಂದೇ ಉಸಿರಿಗೆ ಹೊಳೆಯಿತು. ಈಗ ಊರಿಗೆ ಹೋಗುವಾಗ ಕಾಕುವಿಗೂ ಹೇಳುತ್ತೇವೆ, "ನೋಡಬೇಡಿ, ಊದಿ." ಕಾಕು ಎರಡು ಹೊತ್ತು ಊದಿ, ಅದರ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ.

ಇಂದು ಮನೆಗೆ ಹೋದ ಕೂಡಲೇ, ಪಂಜರ ಇರುವವರು ಚಪ್ಪಲಿ ಬಿಟ್ಟು ಕೈ ತೊಳೆದು ಮೊದಲು ಬಟ್ಟಲನ್ನು ಒಮ್ಮೆ ಊದಿ ನೋಡಿ. ಅಷ್ಟು ಮಾಡಿದರೆ ನಾನು ಇಲ್ಲಿ ನಿಂತು ಮಾತಾಡಿದ್ದು ಸಾರ್ಥಕ.