ಹೆತ್ತವರ ಅಧಿಕಾರಕ್ಕೂ ಒಂದು ಎಲ್ಲೆಯುಂಟು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲು, ಅಂಗಡಿಗಳಲ್ಲಿ ದುಡಿಯುವ ನಮ್ಮ ಹುಡುಗರು ಆಗಾಗ ನಮ್ಮನ್ನು ಕೇಳುವುದುಂಟು: “ದುಡಿದದ್ದೆಲ್ಲ ತಂದೆಯ ಕುಡಿತಕ್ಕೆ ಹೋಗುತ್ತದೆ, ಕೊಡದಿದ್ದರೆ ಹೊಡೆತ. ಕಾಯಿದೆಯ ಮೂಲಕ ಬಿಡಿಸಿಕೊಳ್ಳಲು ಬಾರದೇ?” ಹೆತ್ತವರ ಮಾತು ಮೀರಬಾರದೆಂದು ಬುದ್ಧಿ ಹೇಳಿ ಅವರನ್ನು ಕಳಿಸಿಬಿಡುವುದು ನಮ್ಮೆಲ್ಲರ ರೂಢಿ. ಈ ರೂಢಿ ಸಾಲದೆಂದು ಹೇಳುವುದೇ ಇಂದಿನ ಮಾತಿನ ಉದ್ದೇಶ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 14 ವರ್ಷ ತುಂಬಿದವರು, ಹೆತ್ತವರ ಸಮ್ಮತಿಯಿಂದ ಬೇರೆ ವಾಸಿಸುತ್ತ ತಮ್ಮ ಹಣಕಾಸು ತಾವೇ ನೋಡಿಕೊಳ್ಳುತ್ತಿದ್ದರೆ, ಬಿಡುಗಡೆ ಕೋರಿ ಕೋರ್ಟಿಗೆ ಅರ್ಜಿ ಹಾಕಬಹುದು. ನಮ್ಮ ದೇಶದಲ್ಲಿ ಅಂಥ ಬಿಡುಗಡೆ ಪತ್ರವಿಲ್ಲ. 1875ರ ಮೆಜಾರಿಟಿ ಕಾಯಿದೆಯಂತೆ 18 ತುಂಬುವವರೆಗೆ ಮೈನರು ಮೈನರೇ. ಆದರೆ ಇದರಲ್ಲಿ ಒಂದು ಒಳಿತೂ ಉಂಟು. ಅಲ್ಲಿ ಬಿಡುಗಡೆಯೊಡನೆ ಹೆತ್ತವರು ಸಾಕುವ ಹೊಣೆಯೂ ಮುಗಿಯುತ್ತದೆ. ಇಲ್ಲಿ ಮಗು ಬೇರೆ ಇದ್ದರೂ ಜೀವನಾಂಶ ಕೊಡುವ ಹೊಣೆಯಿಂದ ತಂದೆ ಜಾರಿಕೊಳ್ಳಲಾರನು.

ಹಾಗಾದರೆ ಪೆಟ್ಟು ತಿನ್ನುವ ಮಗುವಿಗೆ ದಾರಿಯೇನು? ಮೊದಲನೆಯದು ಮಕ್ಕಳ ಕಲ್ಯಾಣ ಸಮಿತಿ. 2015ರ ಬಾಲನ್ಯಾಯ ಕಾಯಿದೆಯಂತೆ ಮಗು ತಾನೇ ಈ ಸಮಿತಿಯ ಮುಂದೆ ಹೋಗಿ ನಿಲ್ಲಬಹುದು, ಯಾರೂ ಕರೆತರಬೇಕೆಂದಿಲ್ಲ. ಮನೆಗೆ ಕಳಿಸುವುದು ಕ್ಷೇಮವಲ್ಲವೆಂದು ಕಂಡರೆ ಸಮಿತಿ ಬೇರೆ ಆಶ್ರಯ ಕಲ್ಪಿಸಬಲ್ಲುದು. 1098ಕ್ಕೆ ಫೋನು ಮಾಡಿದರೂ ಸಾಕು, ಕಾಸು ಬೀಳದು.

ಎರಡನೆಯದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯಿದೆ. ಮಗುವಿಗೆ ಬೇರೆ ಪಾಲಕರನ್ನು ನೇಮಿಸಬೇಕೆಂದು ಬಂಧುವಾಗಲಿ ಸ್ನೇಹಿತನಾಗಲಿ ಕೋರ್ಟನ್ನು ಕೇಳಬಹುದು. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ನ್ಯಾಯಾಧೀಶರು ವಿಚಾರಿಸಬಹುದು. ಆದರೆ ತಂದೆತಾಯಿ ಬದುಕಿರುವಾಗ ಅವರು ಅನರ್ಹರೆಂಬುದು ಕೋರ್ಟಿಗೆ ಮನವರಿಕೆಯಾಗಬೇಕು. ಸಿನೆಮಾಕ್ಕೆ ಬಿಡಲಿಲ್ಲವೆಂಬ ದೂರು ಅಲ್ಲಿ ನಡೆಯದು. 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವದ ಕಾಯಿದೆಯೂ ಮಗುವಿನ ಹಿತವೇ ಎಲ್ಲಕ್ಕಿಂತ ಮಿಗಿಲೆಂದು ಸಾರಿದೆ.

ಊರಿಗೆ ಕರೆದೊಯ್ದು ಎಳೆಯ ಹುಡುಗಿಗೆ ತಾಳಿ ಕಟ್ಟಿಸಿದರೋ? 2006ರ ಕಾಯಿದೆಯಂತೆ ಅಂಥ ಮದುವೆಯನ್ನು ರದ್ದುಪಡಿಸಲು ಆಕೆ ಕೋರ್ಟಿಗೆ ಹೋಗಬಹುದು. 18 ತುಂಬಿದ ಮೇಲೂ ಎರಡು ವರ್ಷ ಅವಕಾಶವಿದೆ. ಇನ್ನು ಸಂಬಳದ ಮಾತು. 14 ತುಂಬದವರನ್ನು ದುಡಿಮೆಗೆ ಇಟ್ಟುಕೊಳ್ಳುವುದೇ ಅಪರಾಧ. ಅದಕ್ಕೆ ಮೇಲ್ಪಟ್ಟವರು ತಮ್ಮ ಹೆಸರಿನಲ್ಲೇ ಬ್ಯಾಂಕಿನ ಉಳಿತಾಯ ಖಾತೆ ತೆರೆಯಲಿ. 10 ದಾಟಿದ ಮಕ್ಕಳು ತಾವೇ ಖಾತೆ ನಡೆಸಲು ರಿಸರ್ವ್ ಬ್ಯಾಂಕಿನ ಅನುಮತಿಯಿದೆ.

ಬಾಂಧವರೇ, ಕಾಯಿದೆ ಪುಸ್ತಕದಲ್ಲಿದ್ದರೆ ಮಗುವಿನ ಬೆನ್ನಿನ ಬಾಸುಂಡೆ ಮಾಯುವುದಿಲ್ಲ. ಮೈನರು ಕೋರ್ಟಿನಲ್ಲಿ ದಾವೆ ಹೂಡಬೇಕಾದರೆ ಪರವಾಗಿ ನಿಲ್ಲಲು ಹಿರಿಯರೊಬ್ಬರು ಬೇಕು. ಊರುಬಿಟ್ಟು ಬಂದ ಹುಡುಗನಿಗೆ ಈ ಮಹಾನಗರದಲ್ಲಿ ಹಿರಿಯರು ಯಾರು? ನಾವೇ ಅಲ್ಲವೇ? 1987ರ ಕಾಯಿದೆಯಂತೆ ಮಕ್ಕಳಿಗೆ ವಕೀಲರ ನೆರವು ಪುಕ್ಕಟೆ. ಖರ್ಚಿನ ನೆವವೂ ನಮಗೆ ಉಳಿದಿಲ್ಲ.

ತಂದೆತಾಯಿಗಳನ್ನು ಗೌರವಿಸೋಣ. ಆದರೆ ಮಕ್ಕಳು ಅವರ ಸೊತ್ತಲ್ಲ, ಅವರ ಕೈಗೆ ಒಪ್ಪಿಸಿದ ಹೊಣೆ. ಮುಂದಿನ ಸಲ ಆ ಪ್ರಶ್ನೆ ಕೇಳುವ ಹುಡುಗನನ್ನು ಬುದ್ಧಿ ಹೇಳಿ ಅಟ್ಟದೆ, ಕೂರಿಸಿ ಚಹಾ ಕೊಟ್ಟು, ಅವನ ಜೊತೆ ಎದ್ದು ಹೊರಡೋಣ. ಇಷ್ಟೇ ನಮ್ಮ ಬಿನ್ನಹ.