ಮನೆಯ ಲಿಲಾವು: ದೋಷವು ಯಾರದು?



ಸಾಲ ತೀರಿಸಲಾರದವನ ಮನೆಯು ಲಿಲಾವಾದಾಗ ಊರವರು ಆಡುವ ಮಾತು ಒಂದೇ: "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾಗಿತ್ತು." ಈ ನಾಣ್ಣುಡಿಯು ಸುಳ್ಳಲ್ಲ. ಆದರೆ ಒಂದೇ ದೇಶದಲ್ಲಿ ಒಮ್ಮೆಲೇ ಲಕ್ಷಾವಧಿ ಮನೆಗಳು ಜಪ್ತಿಗೆ ಬಂದರೆ, ಲಕ್ಷಾವಧಿ ಜನರು ಒಂದೇ ದಿನ ವಿವೇಕಗೆಟ್ಟರೆಂದು ನಂಬಬೇಕೇ? ಅಮೇರಿಕೆಯಲ್ಲಿ ೨೦೦೭ರಿಂದ ಮುಂದೆ ನಡೆದ ಸಂಗತಿಯನ್ನು ನಾವಿಂದು ತಮ್ಮ ಮುಂದಿಡುವದು ಈ ಪ್ರಶ್ನೆಯ ವಿಚಾರಕ್ಕಾಗಿಯೇ.

೨೦೦೩ರಲ್ಲಿ ಅಲ್ಲಿಯ ಮಧ್ಯವರ್ತಿ ಬ್ಯಾಂಕು ತನ್ನ ಬಡ್ಡಿಯ ದರವನ್ನು ನೂರಕ್ಕೆ ಒಂದಕ್ಕೆ ಇಳಿಸಿತು. ಹಣವು ಅಗ್ಗವಾಯಿತು, ಮನೆಗಳ ಬೆಲೆಯು ಏರಿತು. ವರಮಾನದ ಪುರಾವೆಯನ್ನು ಸಹ ಕೇಳದೆ ಸಾಲ ಕೊಡುವ ರೂಢಿಯು ಬೆಳೆಯಿತು. ಮೊದಲ ಎರಡು ವರ್ಷ ಕಡಿಮೆ ಬಡ್ಡಿ, ಆ ಮೇಲೆ ಪೇಟೆಯ ದರದೊಡನೆ ಏರುವ ಬಡ್ಡಿ: ಇಂಥ ಕರಾರುಗಳಿಗೆ ಸಾಮಾನ್ಯರು ರುಜು ಹಾಕಿದರು. ೨೦೦೬ರ ಜೂನ್ ತಿಂಗಳಿಗೆ ಮಧ್ಯವರ್ತಿ ಬ್ಯಾಂಕಿನ ದರವು ೫.೨೫ಕ್ಕೆ ಮುಟ್ಟಿತ್ತು. ಅದೇ ವರ್ಷ ಮನೆಗಳ ಬೆಲೆಯು ಇಳಿಯಹತ್ತಿತು. ಕಂತು ಏರಿತು, ಮನೆಯನ್ನು ಮಾರಿದರೂ ಸಾಲವು ತೀರದಂತಾಯಿತು. ೨೦೧೦ನೆಯ ಒಂದೇ ವರ್ಷದಲ್ಲಿ ಸುಮಾರು ೨೯ ಲಕ್ಷ ಮನೆಗಳ ಮೇಲೆ ಜಪ್ತಿಯ ಕಾಗದಗಳು ಹೊರಟವು.

ಇನ್ನು ದೋಷದ ವಿಚಾರ. ಯಾರಿಗೆ ಹೆಚ್ಚು ತಿಳಿದಿತ್ತು? ಲಾಭವು ಯಾರಿಗಾಯಿತು? ನಷ್ಟವು ಯಾರ ತಲೆಗೆ ಬಂದಿತು? ಈ ಮೂರೇ ನಮ್ಮ ತಕ್ಕಡಿ.

ಸಾಲ ತಕ್ಕೊಂಡವರೆಲ್ಲರೂ ನಿರ್ದೋಷಿಗಳೆಂದು ನಾವು ವಾದಿಸುವದಿಲ್ಲ. ಕೆಲವರು ಇಲ್ಲದ ವರಮಾನವನ್ನು ಬರೆದರು. ಕೆಲವರು ಮಾರಿ ಲಾಭ ಮಾಡುವ ಆಸೆಯಿಂದ ಎರಡು ಮೂರು ಮನೆಗಳನ್ನು ಕೊಂಡರು. ಆದರೆ ಎದುರು ಪಕ್ಷವನ್ನೂ ನೋಡಿರಿ. ನಮ್ಮ ಹಳೆಯ ಸಾಹುಕಾರನು ಎಷ್ಟೇ ಕಠಿಣನಾಗಿದ್ದರೂ, ಸಾಲವು ಮುಳುಗಿದರೆ ತನ್ನ ಗಂಟೇ ಮುಳುಗುವದೆಂದು ಅರಿತಿದ್ದನು. ಅಲ್ಲಿ ಹಾಗಾಗಲಿಲ್ಲ. ಸಾಲ ಕೊಡಿಸಿದ ದಲ್ಲಾಳಿಯು ಕಮಿಶನ್ ಪಡೆದು ದೂರಾದನು. ಸಾಲ ಕೊಟ್ಟ ಸಂಸ್ಥೆಯು ಆ ಪತ್ರವನ್ನು ಮುಂದಿನವರಿಗೆ ಮಾರಿತು. ಅವರು ಸಾವಿರಾರು ಪತ್ರಗಳನ್ನು ಕೂಡಿಸಿ, ಹೊಸ ರೋಖೆಗಳನ್ನು ಮಾಡಿ, ಜಗತ್ತಿಗೆಲ್ಲ ಮಾರಿದರು. ಅವುಗಳ ಮೇಲೆ ಉತ್ತಮೋತ್ತಮವೆಂದು ಮುದ್ರೆ ಒತ್ತಿದ ಪರೀಕ್ಷಕರಿಗೆ ಹಣ ಕೊಟ್ಟವರೂ ಮಾರುವವರೇ! ೨೦೦೬ರಲ್ಲಿ ಮೂಡೀಸ್ ಸಂಸ್ಥೆಯು ಅತ್ಯುಚ್ಚ ದರ್ಜೆ ಕೊಟ್ಟ ಇಂಥ ರೋಖೆಗಳಲ್ಲಿ ನೂರಕ್ಕೆ ೮೩ರ ದರ್ಜೆಯನ್ನು ಮುಂದೆ ಇಳಿಸಬೇಕಾಯಿತೆಂದು ವಿಚಾರಣಾ ಆಯೋಗವು ೨೦೧೧ರ ವರದಿಯಲ್ಲಿ ಬರೆದಿದೆ. ಈ ಸಂಕಟವು ತಪ್ಪಿಸಬಹುದಾದುದಾಗಿತ್ತೆಂಬುದು ಅದರ ಬಹುಮತದ ನಿರ್ಣಯ.

ಪರಿಹಾರವಾದರೂ ಸಮನಾಗಿತ್ತೇ? ೨೦೦೮ರ ಅಕ್ಟೋಬರದಲ್ಲಿ ಹಣಕಾಸಿನ ಸಂಸ್ಥೆಗಳನ್ನು ಉಳಿಸಲು ೭೦,೦೦೦ ಕೋಟಿ ಡಾಲರುಗಳ ಶಾಸನವು ಕೂಡಲೇ ಆಯಿತು. ಮನೆಯವರಿಗೆ ಸಹಾಯವು ತಡವಾಗಿ, ಕೊರತೆಯಾಗಿ ಬಂದಿತು. ೨೦೧೦ರಲ್ಲಿ ಇನ್ನೊಂದು ಸಂಗತಿಯು ಬಯಲಾಯಿತು: ಬ್ಯಾಂಕುಗಳ ನೌಕರರು ಜಪ್ತಿಯ ಪ್ರಮಾಣಪತ್ರಗಳಿಗೆ ಓದದೆಯೇ ಸಾವಿರಗಟ್ಟಲೆ ರುಜು ಹಾಕುತ್ತಿದ್ದರು. ೨೦೧೨ರಲ್ಲಿ ಐದು ದೊಡ್ಡ ಬ್ಯಾಂಕುಗಳು ೪೯ ರಾಜ್ಯಗಳೊಡನೆ ಸುಮಾರು ೨,೫೦೦ ಕೋಟಿ ಡಾಲರುಗಳ ರಾಜಿ ಮಾಡಿಕೊಂಡವು. ಓದದೆ ರುಜು ಹಾಕಿದ ಬಡವನು ಮನೆ ಕಳಕೊಂಡನು. ಓದದೆ ರುಜು ಹಾಕಿದ ಬ್ಯಾಂಕು ಹಣ ತೆತ್ತು ಪಾರಾಯಿತು. ಇದೇ ನಮ್ಮ ಆಕ್ಷೇಪ.

ಇದು ದೂರದ ದೇಶದ ಕಥೆಯೆಂದು ತಾವು ಸುಮ್ಮನಿರಬಾರದು. ಏರಿಳಿಯುವ ಬಡ್ಡಿಯ ಮನೆಸಾಲವು ನಮ್ಮಲ್ಲಿಯೂ ಸಾಮಾನ್ಯವಾಗಿದೆ. ನಮ್ಮ ದೇಶದ ೨೦೦೨ರ ಸರ್ಫೇಸಿ ಕಾನೂನಿನಂತೆ, ಬಾಕಿ ನಿಂತ ಸಾಲಕ್ಕೆ ೬೦ ದಿನಗಳ ನೋಟೀಸು ಕೊಟ್ಟು, ದಾವೆಯಿಲ್ಲದೆ, ಬ್ಯಾಂಕು ಒತ್ತೆಯ ಮನೆಯನ್ನು ಸ್ವಾಧೀನಪಡಿಸಿಕೊಳ್ಳಬಹುದು. ಆ ಕ್ರಮದ ಮೇಲೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಲು ಇರುವ ಅವಧಿ ೪೫ ದಿನಗಳು. ಇದನ್ನರಿಯದೆ ನೋಟೀಸನ್ನು ಮಾಡದಲ್ಲಿಟ್ಟು ಕುಳಿತವನು ಕಾಲಮಿತಿಯನ್ನು ಕಳಕೊಳ್ಳುವನು.

ಅಧ್ಯಾಪಕ ಬಂಧುಗಳೇ, ಊರಲ್ಲಿ ಕಾಗದ ಓದಬಲ್ಲವರು ತಾವು. ನೆರೆಯವನು ರುಜು ಹಾಕುವ ಮೊದಲು ಬಡ್ಡಿಯು ಯಾವಾಗ, ಯಾವ ಆಧಾರದಿಂದ ಏರುವದೆಂಬುದನ್ನು ಅವನಿಗೆ ಕನ್ನಡದಲ್ಲಿ ತಿಳಿಸಿರಿ. ಸಾಲ ಕೊಡುವವನಿಗೂ ವಿಚಾರಿಸಿ ಕೊಡುವ ಹೊಣೆಯುಂಟೆಂದು ಶಾಸನಸಭೆಯವರಿಗೆ ಕೇಳುವಂತೆ ಹೇಳಿರಿ. ತಿಳಿದವನ ಮೌನವೂ ಲಿಲಾವಿನ ಡಂಗುರದಲ್ಲಿ ಒಂದು ಪೆಟ್ಟೇ ಸರಿ.